ಮಲಪ್ರಭೆಯ ದಂಡೆಯಲ್ಲಿ ಹವಾಮಾನ ಕಾನೂನಿನ ಪಾಠ

(ಧಾರವಾಡದಲ್ಲಿ ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅಂದು ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2019ರ ಆಗಸ್ಟ್ 5, ನಾಗರ ಪಂಚಮಿ. ಪಂಚಮಿ ಅಂದರೆ ನಮ್ಮ ಕಡೆ ಏನು ಅಂತ ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಡಬ್ಬಿ ತುಂಬ ಉಂಡಿ ಕಟ್ಟಿಟ್ಟಿರುತ್ತಾರೆ. ಬೇವಿನ ಮರಕ್ಕೆ ಜೋಕಾಲಿ ಬಿದ್ದಿರುತ್ತದೆ. ಆ ವರ್ಷ ಅದೇ ವಾರದಲ್ಲಿ ಮಲಪ್ರಭೆ ಊರೊಳಗೆ ಬಂದಳು. ಘಟ್ಟದ ಕಡೆ ಹಿಡಿದ ಆಶ್ಲೇಷ ಮಳೆ ಬಿಡಲೇ ಇಲ್ಲ. ನವಿಲುತೀರ್ಥದ ಅಣೆಕಟ್ಟು ತುಂಬಿತು, ಗೇಟು ತೆರೆದರು. ಕೆಳಗಿನ ಹಳ್ಳಿಗಳ ಜನ ಉಟ್ಟ ಬಟ್ಟೆಯಲ್ಲಿ ಎತ್ತರದ ಜಾಗ ಹುಡುಕಿಕೊಂಡು ಹೋದರು.

ಆಗ ನಾನು ಶಾಲೆ ಮುಗಿಸಿ ಪಿಯುಸಿ ಸೇರಿದ್ದೆ. ಅಂಥ ಒಂದು ಹಳ್ಳಿಗೆ ನಾನು ಹೋಗಿದ್ದು ನಾಲ್ಕು ವರ್ಷದ ಮೇಲೆ, ಕಾನೂನು ಕಾಲೇಜಿನ ಕಾನೂನು ನೆರವು ಘಟಕದ ಜೊತೆ. ಅಲ್ಲಿ ಒಬ್ಬ ಆಯಿ ತಮ್ಮ ಮನೆ ತೋರಿಸಲು ಕರೆದುಕೊಂಡು ಹೋದರು. ಮಣ್ಣಿನ ಮಾಳಿಗೆ ಮನೆ. ಪಡಸಾಲೆಯ ಗೋಡೆಯ ಮೇಲೆ, ನನ್ನ ಎದೆಯ ಎತ್ತರಕ್ಕೆ, ನೀರು ನಿಂತ ಗೆರೆ ಇನ್ನೂ ಕಾಣುತ್ತಿತ್ತು. ಮೇಲೆ ಸುಣ್ಣ, ಕೆಳಗೆ ಕಂದು ಬಣ್ಣ. ಹಿಂದಿನ ಗೋಡೆ ಇರಲೇ ಇಲ್ಲ. ಅಲ್ಲಿ ನಾಲ್ಕು ತಗಡು ನಿಲ್ಲಿಸಿ ತಂತಿಯಿಂದ ಬಿಗಿದಿದ್ದರು.

"ಉಂಡಿ ಡಬ್ಬಿ ತೇಲಿ ಹೋತು. ಜ್ವಾಳದ ಚೀಲ ತೊಯ್ದು ಮೊಳಕಿ ಒಡದ್ವು. ಗ್ವಾಡಿ ಮಾತ್ರ ನಿಂತಿತ್ತು," ಅಂದರು ಆಯಿ.

ನೀರು ಇಳಿದ ಮೇಲೆ ಸಮೀಕ್ಷೆಯವರು ಬಂದಿದ್ದರು. ಗೋಡೆ ನಿಂತಿತ್ತಲ್ಲ, ಹಾಗಾಗಿ ಮನೆಯನ್ನು 'ಸಿ' ಅಂತ ಬರೆದುಕೊಂಡರು. ಆ ವರ್ಷದ ಲೆಕ್ಕದಲ್ಲಿ 'ಎ' ಅಂದರೆ ಪೂರ್ತಿ ಬಿದ್ದ ಮನೆ, 5 ಲಕ್ಷ ರೂಪಾಯಿ. 'ಸಿ' ಅಂದರೆ ಸ್ವಲ್ಪ ಹಾನಿ, 50 ಸಾವಿರ. ಮಣ್ಣಿನ ಗೋಡೆ ನೀರಲ್ಲಿ ನೆನೆದಿರುವಾಗಲೇ ಬೀಳಬೇಕು ಅಂತಿಲ್ಲ. ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಟ್ಟು ಕುಸಿಯುವುದೂ ಉಂಟು. ಮೂರು ವಾರದ ಮೇಲೆ ಆದದ್ದೂ ಅದೇ. ಅಷ್ಟೊತ್ತಿಗೆ ಪಟ್ಟಿ ಮೇಲೆ ಹೋಗಿ ಆಗಿತ್ತು.

"ನೀ ಕಾನೂನು ಓದಾಕಿ ಅಲ್ಲ, ಯವ್ವಾ? ಗ್ವಾಡಿ ಬಿದ್ದದ್ದು ಕಾಗದದಾಗ ಯಾಕಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸರ್ಕಾರ ಪರಿಸರವನ್ನು ಕಾಪಾಡಬೇಕು ಅನ್ನುವ ಸಂವಿಧಾನದ 48ಎ ವಿಧಿ ಗೊತ್ತಿತ್ತು. 1986ರ ಪರಿಸರ ಸಂರಕ್ಷಣಾ ಕಾಯ್ದೆ ಗೊತ್ತಿತ್ತು. ಪ್ಯಾರಿಸ್ ಒಪ್ಪಂದದ ಮೇಲೆ ಹದಿನೈದು ಅಂಕದ ಉತ್ತರ ಬರೆದಿದ್ದೆ. ಆದರೆ ಒಂದು ಬಿದ್ದ ಗೋಡೆಯನ್ನು ಕಾಗದಕ್ಕೆ ತರುವ ದಾರಿ ನನಗೆ ಯಾರೂ ಕಲಿಸಿರಲಿಲ್ಲ. ಇವತ್ತು ನಾನು ಮಾತಾಡುವುದು ಈ ಪ್ರಶ್ನೆಯ ಬಗ್ಗೆಯೇ. ಅದಕ್ಕೆ ಸ್ವಲ್ಪ ದೂರ ಹೋಗಿ ಬರಬೇಕು.

ಪೆಸಿಫಿಕ್ ಸಾಗರದಲ್ಲಿ ವನುವಾಟು ಅಂತ ಒಂದು ದೇಶ ಇದೆ. ಸುಮಾರು 80 ದ್ವೀಪ, ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ನಮ್ಮ ಹುಬ್ಬಳ್ಳಿ-ಧಾರವಾಡದ ಅರ್ಧದಷ್ಟೂ ಇಲ್ಲ. 2015ರಲ್ಲಿ ಪ್ಯಾಮ್ ಚಂಡಮಾರುತ, 2020ರಲ್ಲಿ ಹೆರಾಲ್ಡ್, ಎರಡೂ ಐದನೇ ದರ್ಜೆಯವು, ಆ ದೇಶವನ್ನು ನೆಲಕ್ಕೆ ಬಡಿದವು. ಅದರ ರಾಜಧಾನಿ ಪೋರ್ಟ್ ವಿಲಾದಲ್ಲಿ ಯೂನಿವರ್ಸಿಟಿ ಆಫ್ ದಿ ಸೌತ್ ಪೆಸಿಫಿಕ್‌ನ ಕಾನೂನು ವಿಭಾಗ ಇದೆ. ಸುತ್ತಲಿನ ದ್ವೀಪ ದೇಶಗಳ ಮಕ್ಕಳು ಅಲ್ಲಿಗೆ ಓದಲು ಬರುತ್ತಾರೆ. 2019ರಲ್ಲಿ, ಅಂದರೆ ಆಯಿಯ ಮನೆಗೆ ನೀರು ಬಂದ ಅದೇ ವರ್ಷ, ಅಲ್ಲಿನ ತರಗತಿಯೊಂದರಲ್ಲಿ ಹವಾಮಾನ ಬದಲಾವಣೆಗೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಏನೇನು ದಾರಿ ಇದೆ ಅನ್ನುವ ಚರ್ಚೆ ನಡೆಯಿತು. 27 ವಿದ್ಯಾರ್ಥಿಗಳು ಅದನ್ನು ಬರೀ ಪರೀಕ್ಷೆಯ ವಿಷಯ ಅಂತ ಬಿಡಲಿಲ್ಲ. ನೆದರ್ಲೆಂಡ್ಸ್‌ನ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯದಿಂದ ಸಲಹಾ ಅಭಿಪ್ರಾಯ, ಅಂದರೆ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಅನ್ನುವ ಉತ್ತರ, ಕೇಳಬೇಕು ಅಂತ ತೀರ್ಮಾನಿಸಿದರು. ಪೆಸಿಫಿಕ್ ದೇಶಗಳ ನಾಯಕರಿಗೆ ಪತ್ರ ಬರೆದರು. ಸಂಘಟನೆ ಕಟ್ಟಿದರು.

ಈ ದಾರಿ ಅವರಿಗೇ ಮೊದಲು ಹೊಳೆದದ್ದಲ್ಲ. 2011ರಲ್ಲಿ ಪಲಾವ್ ಅನ್ನುವ ಇನ್ನೊಂದು ದ್ವೀಪ ದೇಶ ಇದನ್ನೇ ಕೇಳಹೊರಟಿತ್ತು. ಅದು ಮುಂದೆ ಹೋಗಲಿಲ್ಲ.

ಈ ಸಲ ಯಾಕೆ ಹೋಯಿತು? ನನಗೆ ಕಾಣುವ ಮಟ್ಟಿಗೆ, ಪ್ರಶ್ನೆಯನ್ನು ಬರೆದ ರೀತಿಗೆ ಇದರಲ್ಲಿ ದೊಡ್ಡ ಪಾಲಿದೆ. ಒಂದು ದೇಶ ಇನ್ನೊಂದು ದೇಶದ ಮೇಲೆ ಆ ನ್ಯಾಯಾಲಯದಲ್ಲಿ ದಾವೆ ಹೂಡಬೇಕಾದರೆ, ಎದುರು ಪಕ್ಷವೂ ಆ ನ್ಯಾಯಾಲಯದ ಅಧಿಕಾರವನ್ನು ಒಪ್ಪಿರಬೇಕು. ಹೆಚ್ಚು ಹೊಗೆ ಬಿಟ್ಟ ದೊಡ್ಡ ದೇಶಗಳು ಸುಮ್ನೆ ಬಂದು ಕಟಕಟೆಯಲ್ಲಿ ನಿಲ್ಲುತ್ತವೆಯೇ? ಸಲಹಾ ಅಭಿಪ್ರಾಯಕ್ಕೆ ಆ ಒಪ್ಪಿಗೆ ಬೇಕಿಲ್ಲ. ವಿಶ್ವಸಂಸ್ಥೆಯ ಸನ್ನದಿನ 96ನೇ ವಿಧಿಯಂತೆ ಮಹಾಸಭೆ ಯಾವುದೇ ಕಾನೂನಿನ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳಿಸಬಹುದು. ಆದರೆ ಮಹಾಸಭೆಯಲ್ಲಿ ಅದು ಪಾಸಾಗಬೇಕಲ್ಲ! ಯಾವ ದೇಶದ ಹೆಸರನ್ನೂ ಎತ್ತದೆ, ಆದರೆ ಯಾರೂ ಜಾರಿಕೊಳ್ಳದ ಹಾಗೆ ಬರೆಯಬೇಕು.

ಕೊನೆಗೆ ನಿಂತ ಪ್ರಶ್ನೆಗೆ ಎರಡು ಭಾಗ. ನನ್ನ ಮಾತಲ್ಲಿ ಹೇಳುತ್ತೇನೆ. ಒಂದು, ಇಂದಿನವರಿಗಾಗಿ ಮತ್ತು ಮುಂದೆ ಹುಟ್ಟುವವರಿಗಾಗಿ ಹವಾಮಾನವನ್ನು ಕಾಪಾಡಲು ದೇಶಗಳ ಮೇಲೆ ಇರುವ ಕಾನೂನಿನ ಹೊಣೆ ಏನು? ಎರಡು, ಮಾಡಿದ್ದರಿಂದಲೋ ಮಾಡದೆ ಬಿಟ್ಟಿದ್ದರಿಂದಲೋ ಭಾರೀ ಹಾನಿ ಮಾಡಿದ ದೇಶಗಳಿಗೆ ಕಾನೂನಿನ ಪರಿಣಾಮ ಏನು? ಈ ಎರಡನೆಯ ಭಾಗದಲ್ಲಿ ಸಣ್ಣ ದ್ವೀಪ ದೇಶಗಳ ಜೊತೆಗೆ ಜನರ, ವ್ಯಕ್ತಿಗಳ ಮಾತೂ ಇದೆ. ನಾನು ಅದನ್ನು ಓದುವಾಗಲೆಲ್ಲ ಆ ಪದದ ಹತ್ತಿರ ನಿಲ್ಲುತ್ತೇನೆ. ವ್ಯಕ್ತಿ ಅಂದರೆ ತಗಡು ಬಿಗಿದುಕೊಂಡು ಕೂತ ಒಬ್ಬ ಮನುಷ್ಯ.

2023ರ ಮಾರ್ಚ್ ಮೊದಲ ವಾರ ವನುವಾಟುವಿಗೆ ಜೂಡಿ, ಕೆವಿನ್ ಅನ್ನುವ ಎರಡು ಚಂಡಮಾರುತ ಬೆನ್ನಿಗೆ ಬೆನ್ನು ಹೊಡೆದವು. ಅದೇ ತಿಂಗಳ 29ರಂದು ಮಹಾಸಭೆ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳಿಸುವ ನಿರ್ಣಯವನ್ನು ಒಪ್ಪಿತು. 132 ದೇಶಗಳು ಸಹಪ್ರಾಯೋಜಕರಾಗಿದ್ದವು. ಮತಕ್ಕೆ ಹಾಕುವ ಪ್ರಸಂಗವೇ ಬರಲಿಲ್ಲ.

ಈ ವಿದ್ಯಾರ್ಥಿಗಳು ಅಷ್ಟಕ್ಕೇ ಕೈ ತೊಳೆದುಕೊಂಡಿದ್ದರೂ ದೊಡ್ಡ ಕೆಲಸವೇ ಆಗುತ್ತಿತ್ತು. ನನಗೆ ಜಾಸ್ತಿ ಹಿಡಿಸಿದ್ದು ಅದರ ನಂತರದ ಭಾಗ. ಬೇರೆ ದೇಶಗಳ ಯುವಕರ ಜೊತೆ ಸೇರಿ ಒಂದು ಕಾನೂನು ಕೈಪಿಡಿ ತಯಾರಿಸಿದರು. ಸರ್ಕಾರಗಳ ವಕೀಲರು ನ್ಯಾಯಾಲಯಕ್ಕೆ ಹೇಳಿಕೆ ಬರೆಯುವಾಗ ಬಳಸಲಿ ಅಂತ. ದ್ವೀಪಗಳ ಜನರ ಅನುಭವವನ್ನು ಸಾಕ್ಷ್ಯದ ರೂಪದಲ್ಲಿ ಮೇಲೆ ತಂದರು. ಸಮುದ್ರ ನುಂಗಿದ ಸ್ಮಶಾನ, ಉಪ್ಪಾದ ಬಾವಿ, ಬೆಳೆಯದ ಗೆಡ್ಡೆ ಇವು ಜನರಿಗೆ ಬದುಕಿನ ಮಾತು. ವಕೀಲರ ಭಾಷೆಯಲ್ಲಿ ಅವೇ ಹಾನಿಯ ಪುರಾವೆ. ಒಂದನ್ನು ಇನ್ನೊಂದಕ್ಕೆ ದಾಟಿಸುವವರು ಬೇಕು. ಕಾನೂನು ವಿದ್ಯಾರ್ಥಿಗೆ ಎರಡೂ ಗೊತ್ತಿರುತ್ತದೆ: ಮನೆಯ ಭಾಷೆ ಮರೆತಿರುವುದಿಲ್ಲ, ಕೋರ್ಟಿನ ಭಾಷೆ ಕಲಿಯುತ್ತಿರುತ್ತಾರೆ.

2024ರ ಡಿಸೆಂಬರ್ 2ರಿಂದ 13ರವರೆಗೆ ಹೇಗ್‌ನ ಶಾಂತಿ ಅರಮನೆಯಲ್ಲಿ ವಾದ ನಡೆಯಿತು. 96 ದೇಶಗಳು, 11 ಅಂತರರಾಷ್ಟ್ರೀಯ ಸಂಸ್ಥೆಗಳು ಮಾತಾಡಿದವು. ಮೊದಲ ದಿನ ಮಾತಾಡಿದವರಲ್ಲಿ ಸೊಲೊಮನ್ ದ್ವೀಪಗಳ ಸಿಂಥಿಯಾ ಹೌನಿಯುಹಿ ಒಬ್ಬರು. ಆ 27 ಜನರಲ್ಲಿ ಒಬ್ಬರಾಗಿದ್ದ ಹುಡುಗಿ. ಐದು ವರ್ಷದ ಹಿಂದೆ ಕ್ಲಾಸಿನಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದವರು ಜಗತ್ತಿನ ಅತಿ ದೊಡ್ಡ ನ್ಯಾಯಪೀಠದ ಮುಂದೆ ನಿಂತು, ಸಮುದ್ರ ನುಂಗುತ್ತಿರುವ ತಮ್ಮವರ ನೆಲದ ಬಗ್ಗೆ ಹೇಳಿದರು. ಹಾಸ್ಟೆಲ್ ರೂಮಿನಲ್ಲಿ ನಾವು ಆರು ಜನ ಒಂದೇ ಮೊಬೈಲ್ ಮುಂದೆ ಕೂತು ನೋಡಿದ್ದು ನನಗೆ ಇವತ್ತಿಗೂ ನಿನ್ನೆ ಇದ್ದ ಹಾಗಿದೆ.

ನಮ್ಮ ದೇಶವೂ ಅಲ್ಲಿ ವಾದ ಮಂಡಿಸಿತು. ಈ ಸಮಸ್ಯೆಗೆ ಮುಖ್ಯ ಕಾರಣ ಮುಂದುವರಿದ ದೇಶಗಳು, ಈಗ ಇರುವ ಹವಾಮಾನ ಒಪ್ಪಂದಗಳಾಚೆ ಹೊಸ ಹೊಣೆ ಹೊರಿಸಬಾರದು ಅನ್ನುವುದು ಭಾರತದ ನಿಲುವಾಗಿತ್ತು. ಮೊದಲ ಮಾತು ನಿಜ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಕಾನೂನು ಓದುವವರು ತಮ್ಮ ದೇಶದ ವಾದವನ್ನೂ ತೂಗಿ ನೋಡಬೇಕು ಅಲ್ವಾ?

2025ರ ಜುಲೈ 23ರಂದು ಅಭಿಪ್ರಾಯ ಬಂತು. 15 ನ್ಯಾಯಮೂರ್ತಿಗಳೂ ಒಮ್ಮತದಿಂದ ಕೊಟ್ಟದ್ದು. ಪೀಠದಲ್ಲಿ ಭಾರತದ ದಲ್ವೀರ್ ಭಂಡಾರಿ ಅವರೂ ಇದ್ದರು. ಹವಾಮಾನವನ್ನು ಕಾಪಾಡುವುದು ದೇಶಗಳ ಮೇಲಿನ ಕಾನೂನಿನ ಹೊಣೆ, ಇಷ್ಟವಿದ್ದರೆ ಮಾಡುವ ಉಪಕಾರದ ಕೆಲಸವಾಗಿ ಅದು ಉಳಿದಿಲ್ಲ ಅಂತ ನ್ಯಾಯಾಲಯ ಸ್ಪಷ್ಟಪಡಿಸಿತು. ಒಪ್ಪಂದಗಳಿಗೆ ಸಹಿ ಹಾಕದ ದೇಶಕ್ಕೂ ವಾಡಿಕೆಯ, ಅಂದರೆ ದೇಶಗಳ ರೂಢಿಯಿಂದ ನೆಲೆಯಾದ, ಅಂತರರಾಷ್ಟ್ರೀಯ ಕಾನೂನಿನಂತೆ ಹೊಣೆ ತಪ್ಪದು. ಕಲ್ಲಿದ್ದಲು, ತೈಲ ತೆಗೆಯಲು ಪರವಾನಗಿ ಕೊಡುವುದು, ಅದಕ್ಕೆ ಸಬ್ಸಿಡಿ ಕೊಡುವುದು ಕೂಡ ತಪ್ಪು ಕೃತ್ಯ ಅನ್ನಿಸಿಕೊಳ್ಳಬಹುದು. ಹಾನಿಗೂ ಕೃತ್ಯಕ್ಕೂ ಸಂಬಂಧ ತೋರಿಸಿದರೆ ಪರಿಹಾರದ ಮಾತೂ ಬರುತ್ತದೆ. ಇದು ಸಲಹಾ ಅಭಿಪ್ರಾಯ, ಡಿಕ್ರಿಯ ಹಾಗೆ ಅಮಲು ಮಾಡಿಸಲು ಬರುವುದಿಲ್ಲ. ಆದರೆ ಇನ್ನು ಮುಂದೆ ಯಾವ ದೇಶದ ಯಾವ ಕೋರ್ಟಿನಲ್ಲಿ ಹವಾಮಾನದ ಪ್ರಕರಣ ಬಂದರೂ ವಕೀಲರು ಇದನ್ನು ಮುಂದಿಡುತ್ತಾರೆ.

ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರ ಮಾರ್ಚ್ 21ರಂದು, ಹೆಬ್ಬಕ ಹಕ್ಕಿ ಮತ್ತು ವಿದ್ಯುತ್ ತಂತಿಗಳ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಮಾನತೆ ಮತ್ತು ಬದುಕುವ ಹಕ್ಕಿನ ಮಾತಾಡುವ ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿದೆ ಅಂತ ಗುರುತಿಸಿತು. ಹವಾಮಾನಕ್ಕೇ ಅಂತ ಒಂದು ಸಮಗ್ರ ಕಾಯ್ದೆ ನಮ್ಮಲ್ಲಿ ಇಲ್ಲ ಅನ್ನುವುದನ್ನೂ ಅದೇ ತೀರ್ಪು ಹೇಳುತ್ತದೆ. ಹಕ್ಕು ಇದೆ, ಕಾಯ್ದೆ ಇಲ್ಲ. ನಡುವಿನ ಜಾಗದಲ್ಲಿ ತಹಶೀಲ್ದಾರ್ ಕಚೇರಿಯ ಪಟ್ಟಿ ಇದೆ.

ಇಲ್ಲಿ ಒಂದು ಹಳೆಯ ಆದೇಶ ನೆನಪಾಗುತ್ತದೆ. 1991ರಲ್ಲಿ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್, ಪರಿಸರ ಶಿಕ್ಷಣ ಕಡ್ಡಾಯವಾಗಬೇಕು, ಸಿನಿಮಾ ಮಂದಿರಗಳಲ್ಲಿ ಪರಿಸರದ ಸ್ಲೈಡುಗಳನ್ನು ಪುಕ್ಕಟೆ ತೋರಿಸಬೇಕು ಅಂತ ಹೇಳಿತ್ತು. ಕಾನೂನು ಜನರಿಗೆ ಗೊತ್ತಾಗದೆ ನಡೆಯುವುದಿಲ್ಲ ಅನ್ನುವುದು ಆ ನ್ಯಾಯಮೂರ್ತಿಗಳಿಗೆ ತಿಳಿದಿತ್ತು. ನಾವು ಅದನ್ನು ಡಿಗ್ರಿಯ ಒಂದು ಪೇಪರ್ ಮಾಡಿ, ಪಾಸಾಗಿ, ಮರೆತುಬಿಟ್ಟೆವು.

ಈಗ ನಮ್ಮ ಕೆಲಸಕ್ಕೆ ಬರುತ್ತೇನೆ.

ಮೊದಲ ಸಲ ಆ ಊರಿನ ಗುಡಿಯ ಕಟ್ಟೆಯಲ್ಲಿ ನಾವು 'ಹವಾಮಾನ ಬದಲಾವಣೆ' ಅಂತ ಶುರು ಮಾಡಿದಾಗ ಅರ್ಧ ಜನ ಎದ್ದು ಹೋದರು. ಎರಡನೇ ಸಲ "ಮಳಿ ಹೆಂಗಾಗೇತ್ರಿ ಈಗ?" ಅಂತಷ್ಟೇ ಕೇಳಿದೆವು. ಒಂದೂವರೆ ತಾಸು ನಾವು ಬಾಯಿ ಬಿಡಬೇಕಾಗಲಿಲ್ಲ. ರೋಹಿಣಿ, ಮೃಗಶಿರ, ಆರಿದ್ರ ಅಂತ ಒಂದೊಂದೇ ಮಳೆಯ ಲೆಕ್ಕ ಹಾಕಿದರು. ಹೆಸರು ಬಿತ್ತುವ ಹದ ತಪ್ಪಿದ್ದು, ಹಿಂಗಾರಿ ಜೋಳಕ್ಕೆ ಬೇಕಾದ ಮಳೆ ಬಾರದೆ ಹೋಗಿದ್ದು, ರಾಶಿ ಮಾಡುವಾಗ ಸುರಿದದ್ದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ನಾಲ್ಕೇ ವರ್ಷದ ಹಿಂದೆ ಎದೆಮಟ್ಟ ನೀರು ನಿಂತ ಊರಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುತ್ತಿದ್ದರು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ, ಹಾಗಾಗಿ ಸುರಿದರೆ ಒಮ್ಮೆಲೇ ಸುರಿಯುತ್ತದೆ ಅಂತ ನಾವು ಹೇಳಿದಾಗ ಒಬ್ಬ ಕಾಕಾ "ಹಂಗಾರ ನಾವು ಹೇಳಿದ್ದಕ್ಕ ನಿಮ್ಮ ಪುಸ್ತಕದಾಗ ಹೆಸರು ಐತಿ ಅನ್ರಿ" ಅಂದರು. ಹಾಗೆಂದು ಒಂದು ಪ್ರವಾಹದ ಹೊಣೆಯನ್ನೆಲ್ಲ ಹವಾಮಾನದ ತಲೆಗೆ ಕಟ್ಟಿ ನಾವು ಪಾಠ ಮಾಡುವುದಿಲ್ಲ. ನೀರು ಯಾವಾಗ ಬಿಟ್ಟರು, ಹಳ್ಳ ಎಲ್ಲಿ ಒತ್ತುವರಿಯಾಗಿದೆ ಅನ್ನುವುದೂ ಲೆಕ್ಕಕ್ಕೆ ಬರಬೇಕು.

ಆಮೇಲೆ ಕಾನೂನು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಪ್ರವಾಹ, ಬರ, ಭೂಕಂಪದಲ್ಲಿ ಸಿಕ್ಕವರಿಗೆ ಪುಕ್ಕಟೆ ವಕೀಲರು ಸಿಗುತ್ತಾರೆ. ಇದಕ್ಕೆ ವರಮಾನದ ಮಿತಿ ಇಲ್ಲ. ಈ ಒಂದು ಸಾಲು ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ತರಗತಿಯಲ್ಲೂ ಬಹಳ ಜನಕ್ಕೆ ಗೊತ್ತಿರಲಿಲ್ಲ. ಫಸಲ್ ಬಿಮಾ, ಅಂದರೆ ಬೆಳೆ ವಿಮೆ, ಮಾಡಿಸಿದವರು ಆಲಿಕಲ್ಲು ಬಿದ್ದರೆ, ಮೋಡ ಒಡೆದು ಹೊಲ ಹಾಳಾದರೆ 72 ತಾಸಿನೊಳಗೆ ತಿಳಿಸಬೇಕು. ಮೂರು ದಿನ. ಜನ ಸಂಬಂಧಿಕರ ಮನೆಯಲ್ಲಿ ಒದ್ದೆ ಬಟ್ಟೆ ಒಣಗಿಸುತ್ತಿರುವಾಗಲೇ ಆ ಮೂರು ದಿನ ಕಳೆದುಹೋಗುತ್ತದೆ. ಬೆಳೆ ಹಾನಿಗೆ ಸರ್ಕಾರದ ನೆರವು ಬರಬೇಕಾದರೆ ನಷ್ಟ ಕನಿಷ್ಠ ಶೇ. 33 ಇರಬೇಕು. ಅದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಇದ್ದವರಿಗೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಲಾವಣಿ, ಅಂದರೆ ಗೇಣಿ, ಹಾಕಿಕೊಂಡು ಬೇರೆಯವರ ಹೊಲ ಮಾಡುವವರು ಆ ಊರಲ್ಲಿ ಬಹಳ ಜನ. ಬೀಜ ಅವರದು, ಗೊಬ್ಬರ ಅವರದು, ಸಾಲ ಅವರದು. ಮಾತಿನ ಮೇಲೆ ನಡೆಯುವ ಲಾವಣಿ, ಕಾಗದ ಇರುವುದಿಲ್ಲ. ಹೊಲ ಕೊಚ್ಚಿ ಹೋದಾಗ ದುಡ್ಡು ಹೋಗುವುದು ಉತಾರದವರ ಖಾತೆಗೆ. ಕೆಲವರು ತಾವಾಗಿಯೇ ಹಂಚಿಕೊಳ್ಳುತ್ತಾರೆ, ಹಲವರು ಇಲ್ಲ. ಇದಕ್ಕೆ ನಮ್ಮ ಹತ್ತಿರ ಇವತ್ತಿಗೂ ಗಟ್ಟಿ ಉತ್ತರ ಇಲ್ಲ. ಹೇಗ್‌ಗೆ ಹೋದ ಪ್ರಶ್ನೆಯೊಳಗೆ 'ವ್ಯಕ್ತಿಗಳು' ಅನ್ನುವ ಪದವನ್ನು ಉಳಿಸಿಕೊಂಡ ಹಾಗೆ, ನಮ್ಮ ಪರಿಹಾರದ ನಿಯಮಗಳಲ್ಲಿ 'ಉಳುವವರು' ಅನ್ನುವ ಪದ ಬರಬೇಕು. ಈ ಸಭೆಯಲ್ಲಿ ಯಾರಾದರೂ ಇದರ ಮೇಲೆ ಪ್ರಬಂಧ ಬರೆಯುವವರಿದ್ದರೆ ದಯವಿಟ್ಟು ನನ್ನನ್ನು ಹುಡುಕಿ.

ಆಯಿಯ ಗೋಡೆಗೆ ಬರೋಣ. ಮಾಹಿತಿ ಹಕ್ಕು ಅರ್ಜಿ ಹಾಕೋಣ ಅಂತ ನಾವು ತೀರ್ಮಾನಿಸಿದೆವು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಆ ಮಿತಿ ನನಗೆ ಮೊದಲು ಅನ್ಯಾಯ ಅನ್ನಿಸಿತ್ತು, ಈಗಲೂ ಪೂರ್ತಿ ಸರಿ ಅನ್ನಿಸುವುದಿಲ್ಲ. ಆದರೆ ಅದರಿಂದ ನಾವು ಕಲಿತೆವು. ಆಯಿಯ ಮೊದಲ ಅರ್ಜಿಯನ್ನು ನಾನು ಬರೆದಾಗ ಅದರಲ್ಲಿ ಸಂಕಟ ಎಲ್ಲ ಇತ್ತು, ಪ್ರಶ್ನೆ ಇರಲಿಲ್ಲ. 'ನಮಗೆ ಯಾಕೆ ಅನ್ಯಾಯ ಮಾಡಿದಿರಿ' ಅಂತ ಬರೆದರೆ ಯಾವ ಕಚೇರಿಯೂ ಉತ್ತರ ಕೊಡಬೇಕಾಗಿಲ್ಲ. ಇಡೀ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಹೊಡೆದು ಬರೆದೆವು. ಕೊನೆಗೆ ಉಳಿದದ್ದು ಇಷ್ಟು: ಇಂಥ ಆಸ್ತಿ ನಂಬರಿನ ಮನೆಯ ಹಾನಿ ಸಮೀಕ್ಷೆ ಮಾಡಿದ ದಿನಾಂಕ, ಪಂಚನಾಮೆಯ ನಕಲು, ಆಗ ತೆಗೆದ ಫೋಟೋಗಳ ನಕಲು ಕೊಡಿ.

ಆಯಿ ಓದಿಸಿ ಕೇಳಿದರು. "ಗ್ವಾಡಿ ಸುದ್ದಿನ ಇಲ್ಲಲ್ಲ ಇದರಾಗ?"

"ದಿನಾಂಕ ಬಂದ್ರ ಗ್ವಾಡಿ ತಾನ ಬರತೈತ್ರಿ ಆಯಿ," ಅಂದೆ.

30 ದಿನ ಕಳೆಯಿತು, ಉತ್ತರ ಇಲ್ಲ. ಮೇಲ್ಮನವಿ ಹಾಕಿದ ಮೇಲೆ ಎರಡು ಹಾಳೆ ಬಂದವು. ಸಮೀಕ್ಷೆಯ ದಿನಾಂಕ ಆಗಸ್ಟ್ ಕೊನೆಯದು. ಗೋಡೆ ಬಿದ್ದದ್ದು ಸೆಪ್ಟೆಂಬರಿನಲ್ಲಿ. ಫೋಟೋ ಮುಂಬಾಗಿಲಿನದು ಮಾತ್ರ, ಹಿಂದಿನ ಗೋಡೆಯದು ಇಲ್ಲವೇ ಇಲ್ಲ. ಅದನ್ನು ಹಿಡಿದುಕೊಂಡು ಮರುಪರಿಶೀಲನೆಗೆ ಅರ್ಜಿ ಕೊಟ್ಟೆವು. ಆ ವರ್ಷದ ಯೋಜನೆ ಮುಗಿದಿದೆ, ಈಗ ಏನೂ ಮಾಡಲು ಬರುವುದಿಲ್ಲ ಅಂತ ಉತ್ತರ ಬಂತು. ಈಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಒಬ್ಬ ವಕೀಲರು ಸಿಕ್ಕಿದ್ದಾರೆ, ಕಾಗದ ನೋಡುತ್ತಿದ್ದಾರೆ. ಗೆಲ್ಲುತ್ತೇವೆ ಅಂತ ನಾನು ಆಯಿಗೆ ಮಾತು ಕೊಟ್ಟಿಲ್ಲ. ಆ ಎರಡು ಹಾಳೆಗಳನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜಂತಿಗೆ ಸಿಕ್ಕಿಸಿದ್ದಾರೆ, ನೀರು ಬಂದರೂ ಮುಟ್ಟದ ಎತ್ತರಕ್ಕೆ.

ಇದರಿಂದ ನಮ್ಮ ಪಾಠವೇ ಬದಲಾಯಿತು. ಈಗ ಮಳೆಗಾಲದ ಮುಂಚೆ ಹೋಗುತ್ತೇವೆ. ಪ್ರತಿ ಮನೆಯ ನಾಲ್ಕೂ ಗೋಡೆಯ ಫೋಟೋ, ತಾರೀಖು ಕಾಣುವ ಹಾಗೆ. ಅದನ್ನು ತೆಗೆಯುವವರು ಆ ಊರ ಹೈಸ್ಕೂಲಿನ ಮಕ್ಕಳು. ನೀರು ಬಂದರೆ ಇಳಿದ ದಿನ ಒಂದು ಫೋಟೋ, ಹದಿನೈದು ದಿನಕ್ಕೆ ಒಂದು, ತಿಂಗಳಿಗೆ ಒಂದು. ಸಮೀಕ್ಷೆಯವರು ಬಂದಾಗ ಹಿತ್ತಲಿಗೂ ಕರೆದುಕೊಂಡು ಹೋಗಬೇಕು, ಏನು ಬರೆದರು ಅಂತ ಕೇಳಬೇಕು, ಒಪ್ಪಿಗೆ ಇಲ್ಲದಿದ್ದರೆ ಅಲ್ಲೇ ಹೇಳಬೇಕು. ಪಂಚನಾಮೆಗೆ ಸಹಿ ಹಾಕುವ ಮುಂಚೆ ಓದಿಸಿ ಕೇಳಬೇಕು. ಇದನ್ನು ನಾವು ನಾಟಕ ಮಾಡಿಯೇ ಕಲಿಸುತ್ತೇವೆ. ಒಬ್ಬ ಹುಡುಗ ಸಮೀಕ್ಷೆಯವನಾಗುತ್ತಾನೆ, ಹೆಣ್ಣುಮಕ್ಕಳು ಅವನನ್ನು ಪ್ರಶ್ನೆ ಕೇಳುತ್ತಾರೆ. ಮೊದಲ ದಿನ ಸೆರಗು ಬಾಯಿಗೆ ಅಡ್ಡ ಹಿಡಿದು ಮಾತಾಡಿದವರು ಮೂರನೆಯ ಸಲ "ಎಲ್ಲಿ, ಬರದದ್ದು ತೋರಸ್ರಿ" ಅಂತ ಕೈ ಚಾಚಿದರು.

ಈಗ ಮೂರು ಹಳ್ಳಿಗಳಲ್ಲಿ ಇದು ನಡೆಯುತ್ತಿದೆ. ನಾವು ಹನ್ನೊಂದು ಜನ ಇದ್ದೇವೆ. ಅದರಲ್ಲಿ ನಾಲ್ವರು ಈ ವರ್ಷ ಓದು ಮುಗಿಸಿ ಹೋಗುತ್ತಾರೆ, ನಾನೂ ಸೇರಿ. ನಮಗೆ ಕಿರಿಯರು ಬೇಕು. ಕಾನೂನು ಜಾಸ್ತಿ ಗೊತ್ತಿರಬೇಕು ಅಂತಿಲ್ಲ. ಉತಾರ ಓದಲು ಬಂದರೆ ಒಳ್ಳೆಯದು, ಬಾರದಿದ್ದರೆ ನಾವು ಕಲಿಸುತ್ತೇವೆ. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹೊಸ ಬಸ್ ನಿಲ್ದಾಣದ ಹತ್ತಿರ ಸೇರುತ್ತೇವೆ. ಅಳತೆ ಟೇಪು, ಪೆನ್ನು, ಚಾರ್ಜ್ ಇರುವ ಮೊಬೈಲ್ ತನ್ನಿ. ಬುತ್ತಿ ಬೇಡ, ಆಯಿ ರೊಟ್ಟಿ ಮಾಡಿಡುತ್ತೇನೆ ಅಂದಿದ್ದಾರೆ.